ಕಾಳೇಗೌಡ ಬಿನ್ ನಿಂಗೇಗೌಡ

ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ಹಾಸನ ಸೀಮೆಯ ವಾಡಿಕೆ. ತಾತ ಕಾಳೇಗೌಡ, ಅವನ ಮಗ ನಿಂಗೇಗೌಡ, ನಿಂಗೇಗೌಡನ ಮಗ ಮತ್ತೆ ಕಾಳೇಗೌಡ. ತಾತ ಹೋದರೂ ಮನೆಯಲ್ಲಿ ಅವನ ಹೆಸರು ಕೂಗುವುದು ನಿಲ್ಲುವುದಿಲ್ಲ. ಸೊಸೆಯೊಬ್ಬಳಿಗೆ ಮಾತ್ರ ಫಜೀತಿ. ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲವಲ್ಲ, ಹೆತ್ತ ಮಗನನ್ನು 'ಅಪ್ಪಯ್ಯ' ಎಂದೋ 'ಪುಟ್ಟ' ಎಂದೋ ಕರೆದು ಕಾಲ ತಳ್ಳುತ್ತಾಳೆ.

ಇದೆಲ್ಲ ಮನೆಯೊಳಗೆ ಚೆಂದ. ಪಹಣಿಯ ಒಂಬತ್ತನೇ ಕಲಮಿನಲ್ಲಿ ಜಮೀನಿನ ಒಡೆಯನ ಹೆಸರು ಬರೆಯುವಾಗ ನೋಡಿ ತಮಾಷೆ. ವಾಡಿಕೆ ಹಿಂದಿನಿಂದ ಬಂದದ್ದಾದ್ದರಿಂದ ತಾತನ ಅಪ್ಪನೂ ನಿಂಗೇಗೌಡನೇ. ಹಾಗಾಗಿ ತಾತ 'ಕಾಳೇಗೌಡ ಬಿನ್ ನಿಂಗೇಗೌಡ', ಮೊಮ್ಮಗನೂ 'ಕಾಳೇಗೌಡ ಬಿನ್ ನಿಂಗೇಗೌಡ'. ಮಗ ಎನ್ನುವುದಕ್ಕೆ ಅರಬ್ಬೀ ಭಾಷೆಯ ಬಿನ್ ಎಂಬ ಪದ ಎಲ್ಲೆಲ್ಲಿಂದಲೋ ದಫ್ತರದ ದಾರಿ ಹಿಡಿದು ಬಂದು ಹೇಮಾವತಿ ದಂಡೆಯ ಒಕ್ಕಲಿಗನ ಬೆನ್ನಿಗೆ ಕೂತಿದೆ. ತಾತ ತೀರಿಕೊಂಡು ಮೂವತ್ತು ವರ್ಷವಾದರೂ ಪಹಣಿಗೆ ಸುದ್ದಿ ಮುಟ್ಟಿರುವುದಿಲ್ಲ. ಮೊಮ್ಮಗ ಅದೇ ಹೆಸರಿನಲ್ಲಿ ಕಂದಾಯ ಕಟ್ಟುತ್ತಾನೆ, ಸೊಸೈಟಿಯಲ್ಲಿ ಸಾಲ ಎತ್ತುತ್ತಾನೆ. ಪೌತಿ ಖಾತೆ ಮಾಡಿಸಿಕೊಳ್ಳಪ್ಪ ಎಂದರೆ, "ಯಾಕ್ ಸಾ, ನನ್ನೆಸ್ರೇ ಐತಲ್ಲ" ಎನ್ನುತ್ತಾನೆ. ಅವನು ಹೇಳುವುದೂ ನಿಜವೇ.

ನಾನು 1984ರಲ್ಲಿ ಗ್ರಾಮಲೆಕ್ಕಿಗನಾಗಿ ಸೇರಿ 2020ರಲ್ಲಿ ಶಿರಸ್ತೇದಾರನಾಗಿ ಇಳಿದವನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳ ನಡುವೆ ಕೇರಂ ಕಾಯಿಯ ಹಾಗೆ ಓಡಾಡಿದೆ. ಮನೆ ಹಾಸನದಲ್ಲೇ ಇತ್ತು. ಉಳಿದ ಮೂರೂ ಅಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರು, ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ. ನಾನು ಸೇರುವ ಹೊತ್ತಿಗೆ ಶಾನುಭೋಗಿಕೆ ರದ್ದಾಗಿ ಇಪ್ಪತ್ತು ವರ್ಷ ಕಳೆದಿತ್ತು. ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದ ಕಾಯಿದೆ 1961ರದು, ಜಾರಿಗೆ ಬಂದದ್ದು 1963ರಲ್ಲಿ. ಕಾಯಿದೆ ಏನೇ ಹೇಳಲಿ, ಹಳ್ಳಿಯವರು ನನ್ನನ್ನು ಕರೆದದ್ದು 'ಶಾನ್‌ಭಾಗ್ರೆ' ಎಂದೇ. ರೆವಿನ್ಯೂ ಇನ್‌ಸ್ಪೆಕ್ಟರು ಅವರಿಗೆ ಶೇಕ್‌ದಾರ, ತಹಶೀಲ್ದಾರರು ಅಮಲ್ದಾರರು. ಈ ಹೆಸರುಗಳಲ್ಲಿ ಯಾವುದೂ ಸರ್ಕಾರದ ಕಡತದಲ್ಲಿ ಉಳಿದಿರಲಿಲ್ಲ. ಈಗ ಗ್ರಾಮಲೆಕ್ಕಿಗ ಎಂಬ ಹೆಸರೂ ಹೋಗಿ ಗ್ರಾಮ ಆಡಳಿತ ಅಧಿಕಾರಿ ಆಗಿದೆ. ನನ್ನ ಹಳೆಯ ವೃತ್ತದಲ್ಲಿ ಮೊನ್ನೆ ವಿಚಾರಿಸಿದೆ, ಆ ಹುಡುಗಿಯನ್ನು 'ಶಾನ್‌ಭಾಗಮ್ಮ' ಎನ್ನುತ್ತಿದ್ದಾರೆ.

ಆಗ ಪಹಣಿಯನ್ನು ಕೈಯಲ್ಲಿ ಬರೆಯುತ್ತಿದ್ದೆವು. ನನ್ನ ಅಕ್ಷರಕ್ಕೆ ಹೆಸರಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಜಮಾಬಂದಿಗೆ ಬಂದ ಅಸಿಸ್ಟೆಂಟ್ ಕಮಿಷನರು ಒಮ್ಮೆ ನನ್ನ ಪುಸ್ತಕ ಎತ್ತಿ ಹಿಡಿದು ಉಳಿದವರಿಗೆ ತೋರಿಸಿದ್ದರು. ಅಂದಿನಿಂದ ನನ್ನ ಅಕ್ಷರಕ್ಕೆ ಕೊಂಬು ಮೂಡಿತು. ಅಕ್ಷರದ ಕೆಳಗೆ ಒಂದು ಸಣ್ಣ ಬಳುಕು, ಸಾಲಿನ ಕೊನೆಗೆ ಒಂದು ಬೀಸು. ಚಾವಡಿಯ ಜಗುಲಿಯಲ್ಲಿ ಕೂತು ಹೀರೋ ಪೆನ್ನಿನಲ್ಲಿ ಹೆಸರಾದ ಮೇಲೆ ಹೆಸರು ಬರೆಯುತ್ತಿದ್ದರೆ ಸುತ್ತ ಕೂತವರು ರಂಗೋಲಿ ನೋಡಿದಂತೆ ನೋಡುತ್ತಿದ್ದರು. ಒಂದೇ ಊರಿನಲ್ಲಿ ನಾಲ್ವರು ಕಾಳೇಗೌಡರಿದ್ದರೂ ಗೊಂದಲವಿರಲಿಲ್ಲ. ಹೊಂಗೆಮರದ ಕಾಳೇಗೌಡ, ಮಿಲಿಟರಿ ಕಾಳೇಗೌಡ, ಎರಡು ಹೆಂಡಿರ ಕಾಳೇಗೌಡ, ಬರೀ ಕಾಳೇಗೌಡ. ಪುಸ್ತಕದಲ್ಲಿ ನಾಲ್ವರೂ ಒಂದೇ ಥರ ಕಂಡರೂ ತಲೆಯೊಳಗೆ ನಾಲ್ವರೂ ಬೇರೆ ಬೇರೆ ಕೂತಿದ್ದರು. ಪಹಣಿ ಅರ್ಧ ಕಾಗದದಲ್ಲಿತ್ತು, ಅರ್ಧ ನಮ್ಮ ತಲೆಯಲ್ಲಿ. ಆ ತಲೆಯಲ್ಲಿದ್ದ ಅರ್ಧಕ್ಕೆ ಕೆಲವರು ಬೆಲೆ ಕಟ್ಟಿ ವಸೂಲಿ ಮಾಡುತ್ತಿದ್ದರು ಎಂಬುದನ್ನೂ ಮುಚ್ಚಿಡುವಂತಿಲ್ಲ. ಭೂಮಿ ಯೋಜನೆ ಬಂದಾಗ ರೈತರು ಅದನ್ನು ಅಷ್ಟು ಬೇಗ ಒಪ್ಪಿಕೊಂಡದ್ದು ಸುಮ್ಮನೆ ಅಲ್ಲ.

'ಭೂಮಿ' ಬಂದದ್ದು ಹೊಸ ಶತಮಾನದ ಜೊತೆಗೇ. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ ಹಟ ಹಿಡಿದು ಮಾಡಿಸಿದ ಕೆಲಸ. ರಾಜ್ಯದ ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಏರಿತು. ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಆದೇಶವಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಯಾರ ಮುಖವನ್ನೂ ನೋಡದೆ ಪಹಣಿ ಕೈಗೆ ಬರುತ್ತಿತ್ತು. ಒಂದು ಬೀಡಿ ಕಟ್ಟನ್ನೂ ಕೊಡದೆ ಪಹಣಿ ಪಡೆದ ಮುದುಕನೊಬ್ಬ ಕಾಗದವನ್ನು ಹಿಂದು ಮುಂದು ತಿರುಗಿಸಿ, "ಇದು ನಡೀತದಾ ಸಾ? ನಿಮ್ ಕೈ ಬಿದ್ದಿಲ್ವಲ್ಲ" ಎಂದು ಕೇಳಿದ. ನನ್ನ ರಂಗೋಲಿಗೆ ಕೊನೆಯ ಮರ್ಯಾದೆ ಸಿಕ್ಕಿದ್ದು ಅಂದು.

ಆ ಎಂಟ್ರಿ ಕೆಲಸ ನಡೆದ ಕೋಣೆ ನೋಡಬೇಕಿತ್ತು. ಏಜೆನ್ಸಿಯ ಹುಡುಗರು, ಸಾಲಾಗಿ ಮಾನಿಟರುಗಳು, ಪಕ್ಕದಲ್ಲಿ ನಮ್ಮ ಪುಸ್ತಕಗಳ ಗುಡ್ಡೆ. ನಮ್ಮ ಅಕ್ಷರ ಅವರಿಗೆ ಅರ್ಥವಾಗದು, ಅವರ ಕೀಲಿಮಣೆ ನಮಗೆ ಅರ್ಥವಾಗದು. ಮುಗಿಯುವ ಹೊತ್ತಿಗೆ ತಾಲ್ಲೂಕಿನ ತುಂಬ ಹೊಸ ಜನ ಹುಟ್ಟಿಕೊಂಡಿದ್ದರು. ತಿಮ್ಮಮ್ಮ ತಿಮ್ಮಣ್ಣನಾಗಿದ್ದಳು. ಒಂದು ಎಕರೆ ಹತ್ತು ಗುಂಟೆ ಹತ್ತು ಎಕರೆ ಒಂದು ಗುಂಟೆಯಾಗಿತ್ತು, ಅದರ ಬಗ್ಗೆ ತಕರಾರು ಬರಲಿಲ್ಲ. ಮೂರನೇ ಕಲಮಿನ ವಿಸ್ತೀರ್ಣಕ್ಕೂ ಒಂಬತ್ತನೇ ಕಲಮಿನ ವಿಸ್ತೀರ್ಣಕ್ಕೂ ತಾಳೆಯಾಗದ ಪಹಣಿಗಳ ಗೋಳು ಇಂದಿಗೂ ಮುಗಿದಿಲ್ಲ. ಅದಕ್ಕೆಂದೇ ಹೋಬಳಿ ಹೋಬಳಿಗೆ ಕಂದಾಯ ಅದಾಲತ್ ಮಾಡಿದ್ದಾಯಿತು.

ಇಂಥದೇ ಒಂದು ದಿನ ಬರೀ ಕಾಳೇಗೌಡ ನನ್ನ ಮೇಜಿನ ಮುಂದೆ ಬಂದು ನಿಂತ. ತಾಲ್ಲೂಕು ಯಾವುದೆಂದು ಕೇಳಬೇಡಿ, ನಾಲ್ಕರಲ್ಲಿ ಒಂದು. ಎರಡು ಮಡಿಕೆ ಮಾಡಿದ್ದ ಪಹಣಿಯನ್ನು ಬಿಡಿಸಿ ಮೇಜಿನ ಮೇಲೆ ಹಾಸಿ, ಅಂಗೈಯಿಂದ ನೀವಿ, ಒಂಬತ್ತನೇ ಕಲಮಿನ ಮೇಲೆ ಬೆರಳಿಟ್ಟ. 'ಕಳ್ಳೇಗೌಡ ಬಿನ್ ನಿಂಗೇಗೌಡ'.

"ಶಾನ್‌ಭಾಗ್ರೆ, ನಾನು ಯಾರ ಮನೆ ಗೋಡೆ ಕೊರ್ದಿದ್ದೆ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. ಮಗನಿಗೆ ಹೆಣ್ಣು ನೋಡಲು ಹೋದ ಕಡೆ ಬೀಗರಾಗುವವರು ಪಹಣಿ ಕೇಳಿದರಂತೆ. ತೋರಿಸಿದ್ದಕ್ಕೆ ಅವರಲ್ಲೊಬ್ಬ, "ಮೊದ್ಲೇ ಬರ್ದುಕೊಟ್ಟವ್ರೆ ಬುಡು, ಒಳ್ಳೇದಾಯ್ತು" ಎಂದನಂತೆ. ನಾನು ಸಮಾಧಾನ ಹೇಳಿದೆ. "ಇದು ಕಂಪ್ಯೂಟರ್ ತಪ್ಪು ಗೌಡ್ರೆ. ಎಂಟ್ರಿ ಮಾಡಿದ ಹುಡುಗ್ರಿಗೆ ನೆಟ್ಟಗೆ ಕನ್ನಡ ಬರಲ್ಲ, ಏನ್ ಮಾಡೋದು." ಅವನ ಹೆಸರಿನಿಂದ ಆ ಕಳ್ಳನನ್ನು ಹೊರಗೆ ಹಾಕಲು ಅರ್ಜಿ, ಛಾಪಾ ಕಾಗದದಲ್ಲಿ ಪ್ರಮಾಣಪತ್ರ, ವಂಶವೃಕ್ಷ, ಮಹಜರು, ಸಾಕ್ಷಿಗಳ ಹೇಳಿಕೆ, ಎರಡು ವರ್ಷ ಬೇಕಾಯಿತು. ನಿಜವಾದ ಕಳ್ಳರಿಗೆ ಇದಕ್ಕಿಂತ ಬೇಗ ಜಾಮೀನು ಸಿಗುತ್ತದೆ. ಈ ಕಥೆಯನ್ನು ನಾನು ಆಮೇಲೆ ಎಷ್ಟೋ ಬೀಳ್ಕೊಡುಗೆ ಸಮಾರಂಭಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಕಂಪ್ಯೂಟರ್ ಕಳ್ಳನನ್ನು ಹುಟ್ಟಿಸಿದ ಕಥೆ ಎಂದರೆ ಕಂದಾಯ ಇಲಾಖೆಯವರಿಗೆ ಹೋಳಿಗೆ ಇದ್ದ ಹಾಗೆ.

ಮೊದಮೊದಲು ಆ ಯಂತ್ರ ಆಯಾ ತಾಲ್ಲೂಕು ಕಚೇರಿಯಲ್ಲೇ ಇತ್ತು. ಕೈಕೊಟ್ಟರೆ ಪಕ್ಕದ ಕೋಣೆಗೆ ಹೋಗಿ ಬೈಯಬಹುದಿತ್ತು. ಪೂಜೆಯ ದಿನ ಕುಂಕುಮ ಹಚ್ಚಿ ನಿಂಬೆಹಣ್ಣು ಇಡಬಹುದಿತ್ತು. ಆಮೇಲೆ ಎಲ್ಲವನ್ನೂ ಬೆಂಗಳೂರಿಗೆ ಒಯ್ದು ಒಂದೇ ಕಡೆ ಇಟ್ಟರು. ಆಗ ನಮ್ಮ ಕಚೇರಿಗಳಿಗೆ ಬಂದ ಹೊಸ ಮಾತು 'ಸರ್ವರ್ ಇಲ್ಲ'. ಹಳ್ಳಿಯವರು ಈ ಮಾತನ್ನು ತಮ್ಮ ವ್ಯಾಕರಣಕ್ಕೆ ಹೇಗೆ ಒಗ್ಗಿಸಿಕೊಂಡರು ಎನ್ನುವುದು ನನಗೆ ಬಹಳ ಇಷ್ಟ. ಪ್ರಿಂಟರು ಅವರಿಗೆ 'ಅದು'. ಕರೆಂಟು 'ಅದು'. ಸರ್ವರ್ ಮಾತ್ರ ಬಹುವಚನ. "ಸರ್ವರ್ರು ಬಂದ್ರಾ ಸಾ?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ, ಥೇಟ್ ಸಾಹೇಬರು ಬಂದರೇ ಎಂದು ಕೇಳುವ ದನಿಯಲ್ಲಿ. ಬಂದಿಲ್ಲ ಎಂದರೆ ಸಿಟ್ಟಾಗುವುದಿಲ್ಲ. ದೊಡ್ಡವರು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದ್ದಾರೆ?

ನಮ್ಮ ಹಾಸನಾಂಬೆ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಬಾಗಿಲು ತೆಗೆಯುತ್ತಾಳೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಮುಡಿಸಿದ ಹೂ ಬಾಡಿರುವುದಿಲ್ಲ ಎಂಬುದು ನಂಬಿಕೆ. ಆ ದಿನಗಳಲ್ಲಿ ಜಿಲ್ಲೆಯ ಅರ್ಧ ನೌಕರರು ಸರದಿ ಸಾಲು ಕಾಯುವ ಡ್ಯೂಟಿಯಲ್ಲಿರುತ್ತಿದ್ದೆವು. ಅಂಥ ಸಾಲಿನಲ್ಲಿ ಒಬ್ಬಳು ನನ್ನ ಗುರುತು ಹಿಡಿದು, "ಈ ತಾಯಿನಾದ್ರೂ ವರ್ಷಕ್ ಒಂದ್ಸಲ ಕಾಣ್ತಾಳೆ, ನಿಮ್ ಸರ್ವರ್ರು?" ಎಂದು ಕೇಳಿದಳು. ನಾನು ಕೈಮುಗಿದೆ, ದೇವರಿಗೋ ಅವಳಿಗೋ ನೆನಪಿಲ್ಲ.

ಸಾಲಗಾಮೆ ರಸ್ತೆಯಲ್ಲಿ ಹೋದರೆ ದೊಡ್ಡ ದೊಡ್ಡ ಬಿಳಿ ಬಾಣಲೆಗಳು ಆಕಾಶಕ್ಕೆ ಮುಖ ಮಾಡಿ ಕೂತಿರುವುದು ಕಾಣುತ್ತದೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, 1982ರಿಂದ ನಮ್ಮೂರಲ್ಲಿದೆ. ಮೂವತ್ತಾರು ಸಾವಿರ ಕಿಲೋಮೀಟರು ಎತ್ತರದಲ್ಲಿ ತೂಗುವ ಉಪಗ್ರಹ ಆಚೀಚೆ ಸರಿಯದಂತೆ ಇಲ್ಲಿ ಕೂತು ಸಂಭಾಳಿಸುತ್ತಾರೆ. ನಾನು ಬಸ್ಸಿನ ಕಿಟಕಿಯಿಂದ ಆ ಬಾಣಲೆಗಳನ್ನು ನೋಡಿಕೊಂಡು ನಾಡಕಚೇರಿಗೆ ಹೋಗಿ, ನೂರೆಂಬತ್ತು ಕಿಲೋಮೀಟರು ದೂರದ ಬೆಂಗಳೂರಿನಿಂದ ಒಂದು ಪಹಣಿ ಇಳಿಸಲಾರದೆ ಸಂಜೆ ಅವುಗಳನ್ನೇ ನೋಡಿಕೊಂಡು ವಾಪಸು ಬರುತ್ತಿದ್ದೆ. ತಪ್ಪು ಬಾಣಲೆಯದಲ್ಲ. ನಮ್ಮ ತಂತಿ ನೆಲದಲ್ಲಿ ಹೋಗುತ್ತದೆ, ನೆಲದಲ್ಲಿ ಜೆಸಿಬಿ ಇರುತ್ತದೆ.

ಆಡಳಿತ ನಿರ್ವಹಣೆ ಎಂಬ ವಿಷಯದಲ್ಲಿ ನನಗೆ ಕೊಟ್ಟ ತರಬೇತಿಗಳು ಬಹಳ. ಚಹಾ, ಬಿಸ್ಕತ್ತು, ಒಂದು ಫೈಲು, ಒಂದು ಪೆನ್ನು. ಅಲ್ಲಿ ಕಲಿತದ್ದು ನೆನಪಿಲ್ಲ. ನಿರ್ವಹಣೆ ಎಂದರೆ ಏನೆಂದು ನನಗೆ ತೋರಿಸಿದವನು ಒಬ್ಬ ಜವಾನ, ರೆಕಾರ್ಡ್ ರೂಮಿನವನು. ಆ ಕೋಣೆ ಎಂದರೆ ಕೆಂಪು ಬಟ್ಟೆಯ ಗಂಟುಗಳು, ನುಸಿಗುಳಿಗೆ, ಹಳೇ ಕಾಗದದ ಸಿಹಿಗಮಟು, ಮೂಲೆಯಲ್ಲಿ ಗೆದ್ದಲು. ಯಾವ ಊರಿನ ಯಾವ ಸರ್ವೆ ನಂಬರ್ ಕೇಳಿದರೂ ಅವನು ಬೀಡಿ ಆರುವುದರೊಳಗೆ ಗಂಟು ತಂದು ಮೇಜಿಗೆ ಹಾಕುತ್ತಿದ್ದ. ಗಂಟುಗಳ ಮೇಲೆ ಚೀಟಿಯಿರಲಿಲ್ಲ, ಅಕಾರಾದಿಯಿರಲಿಲ್ಲ. ಹೇಗಪ್ಪಾ ಎಂದು ಬಹಳ ಕಾಡಿದ ಮೇಲೆ ಗುಟ್ಟು ಬಿಟ್ಟ. ಅವನು ಗಂಟುಗಳನ್ನು ಬಸ್ ರೂಟಿನ ಪ್ರಕಾರ ಜೋಡಿಸಿದ್ದ! ಬಾಗಿಲ ಪಕ್ಕ ಬಸ್ ಸ್ಟ್ಯಾಂಡು. ಎಡಗೋಡೆ ಹಾಸನದ ರಸ್ತೆ, ಎದುರು ಗೋಡೆ ಮೈಸೂರು ರಸ್ತೆ. ಬಸ್ಸು ನಿಲ್ಲುವ ಕ್ರಮದಲ್ಲಿ ಊರುಗಳು, ಬಸ್ಸಿಲ್ಲದ ಊರುಗಳು ಅಟ್ಟದ ಮೇಲೆ. ಹೊಸದಾಗಿ ಬಂದ ಚುರುಕು ಅಧಿಕಾರಿಯೊಬ್ಬರು ಇದನ್ನು ಅವ್ಯವಸ್ಥೆ ಎಂದು ತೀರ್ಮಾನಿಸಿ ಎಲ್ಲವನ್ನೂ ಅಕಾರಾದಿಯಲ್ಲಿ ಜೋಡಿಸುವಂತೆ ಮಾಡಿದರು. ಮೂರು ತಿಂಗಳು ಒಂದು ಗಂಟೂ ಸಿಗಲಿಲ್ಲ. ಜವಾನ ಹೊರಗೆ ಸ್ಟೂಲಿನ ಮೇಲೆ ಕೂತು, "ಬಸ್ಸು ಕೆಟ್ಟೋಗದೆ ಸಾ" ಎನ್ನುತ್ತಿದ್ದ. ಆ ವರ್ಷವೇ ರಿಟೈರಾದ. ಅಧಿಕಾರಿಗೂ ವರ್ಗವಾಯಿತು. ಅಕಾರಾದಿ ಉಳಿಯಿತು, ಅದನ್ನು ತಿಳಿದವರು ಉಳಿಯಲಿಲ್ಲ.

ಹೆಬ್ಬೆಟ್ಟಿನ ವಿಷಯ ಬೇರೆಯೇ ಇದೆ. ಭೂಮಿ ತಂತ್ರಾಂಶಕ್ಕೆ ಲಾಗಿನ್ ಆಗಲು ನಮಗೂ ಬೆರಳಚ್ಚು ಬೇಕಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಫಸ್ಟ್ ಬಂದವನು ದಿನವೂ ಹೆಬ್ಬೆಟ್ಟು ಒತ್ತಿ ಕೆಲಸ ಶುರು ಮಾಡಬೇಕಾಯಿತು. ಅರಕಲಗೂಡಿನ ಕಡೆ ಹೊಗೆಸೊಪ್ಪು ಮುರಿಯುವ ಕಾಲಕ್ಕೆ ನ್ಯಾಯಬೆಲೆ ಅಂಗಡಿ ಮುಂದೆ ನಿಂತು ನೋಡಬೇಕು. ಹಸಿ ಎಲೆಯ ಅಂಟು ಬೆರಳಿಗೆ ಮೆತ್ತಿ ಕಪ್ಪಗೆ ಒಣಗಿರುತ್ತದೆ. ಸೋಪು ಹಾಕಿದರೂ ಬಿಡದು, ಸೀಮೆಎಣ್ಣೆ ಹಾಕಿದರೂ ಬಿಡದು. ಯಂತ್ರದ ಕಣ್ಣಿಗೆ ಆ ಬೆರಳಿನಲ್ಲಿ ಗೆರೆಯೇ ಇಲ್ಲ. ಜನ ಹೆಬ್ಬೆಟ್ಟನ್ನು ಪಂಚೆಗೆ ಉಜ್ಜುತ್ತಾರೆ, ತಲೆಗೂದಲಿಗೆ ತೀಡುತ್ತಾರೆ, ಬಾಯಿಂದ ಊದುತ್ತಾರೆ, ಮತ್ತೆ ಒತ್ತುತ್ತಾರೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಹಾಕಿ ಬಂದ ಹೆಂಗಸರು ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿ ನೋಡುತ್ತಾರೆ, ಯಾವುದಾದರೂ ಒಂದು ತಮ್ಮದೆಂದು ಯಂತ್ರ ಒಪ್ಪೀತೇನೋ ಎಂದು.

ಒಮ್ಮೆ ಪಿಂಚಣಿಗೆ ಬಂದ ಅಜ್ಜಿಯೊಬ್ಬಳು ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಹಟ ಹಿಡಿದಳು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಾಟೀನು ಬೆಳಕಿನಲ್ಲಿ ಕಲಿತವಳು. "ಅವತ್ತು ನೀವೇ ಜೀಪಲ್ ಬಂದು, ಎಬ್ಬೆಟ್ ಒತ್ಬ್ಯಾಡಿ, ಮಾನ ಓಯ್ತದೆ ಅಂದ್ರಿ. ಇವತ್ ಒತ್ತು ಅಂತೀರಿ." ಎಂದು ನನ್ನ ಪೆನ್ನು ಕಿತ್ತುಕೊಂಡು ಮೇಜಿನ ಮೇಲಿದ್ದ ಯಾವುದೋ ಸುತ್ತೋಲೆಯ ಮೇಲೆ 'ನಂಜಮ್ಮ' ಎಂದು ನಿಧಾನವಾಗಿ ಬರೆದಳು. ಬಳುಕಿಲ್ಲ, ಬೀಸಿಲ್ಲ. ಒಂದೊಂದು ಅಕ್ಷರವೂ ಬಿತ್ತನೆ ಆಲೂಗಡ್ಡೆಯ ಹಾಗೆ ಗುಂಡಗೆ, ಸಮಾ ಅಂತರದಲ್ಲಿ ಕೂತಿತ್ತು. ಆಮೇಲೆ ಹೆಬ್ಬೆಟ್ಟನ್ನೂ ಒತ್ತಿದಳು, ದುಡ್ಡು ಬೇಕಲ್ಲ. ಆ ಸುತ್ತೋಲೆಯನ್ನು ನಾನು ಕಡತಕ್ಕೆ ಹಾಕಲಿಲ್ಲ.

ಚನ್ನರಾಯಪಟ್ಟಣದಲ್ಲಿದ್ದಾಗ, 2006ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳದಲ್ಲಿ ವಾರಗಟ್ಟಲೆ ಡ್ಯೂಟಿ ಬಿತ್ತು. ಬಿಡುವಿನಲ್ಲಿ ಶಾಸನ ಓದಬಲ್ಲ ಮೇಷ್ಟರೊಬ್ಬರ ಹಿಂದೆ ಸುತ್ತಿದೆ. 1368ರ ಬುಕ್ಕರಾಯನ ಶಾಸನದ ಕಥೆ ಅವರೇ ಹೇಳಿದ್ದು. ಜೈನರಿಗೂ ಶ್ರೀವೈಷ್ಣವರಿಗೂ ಬಂದ ವ್ಯಾಜ್ಯವನ್ನು ಅರಸ ತೀರಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ನನ್ನ ಕಿವಿ ನೆಟ್ಟಗಾದದ್ದು ಅದರ ಮುಂದಿನ ಭಾಗಕ್ಕೆ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ವಸೂಲಿ. ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರ ನೇಮಕ. ಮಿಕ್ಕ ದುಡ್ಡಿನಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ. ಮನೆ ಕಂದಾಯ, ಸಿಬ್ಬಂದಿ ಸಂಬಳ, ಉಳಿದರೆ ದುರಸ್ತಿ: ಇದು ನಮ್ಮ ಗ್ರಾಮ ಪಂಚಾಯಿತಿಯ ಆಯವ್ಯಯವೇ ಅಲ್ಲವೇ? ನನ್ನ ಪರಿಚಯದ ಪಿಡಿಒ ಒಬ್ಬರಿಗೆ ಹೇಳಿದೆ. ಅವರು ಯೋಚಿಸಿ, "ಇಪ್ಪತ್ತು ಜನರ ಸಂಬಳ ಕೊಟ್ಟ ಮೇಲೆ ಸುಣ್ಣಕ್ಕೆ ಉಳೀತಿತ್ತಾ?" ಎಂದರು.

ದಾನದ ನೆಲವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ನಮ್ಮ ಶಾಸನಗಳ ಕೊನೆಯಲ್ಲಿ ಸಾಮಾನ್ಯ. ಸಕಾಲ ಕಾಯಿದೆ 2012ರ ಏಪ್ರಿಲ್ 2ರಿಂದ ರಾಜ್ಯದ ತುಂಬ ಜಾರಿಗೆ ಬಂತು. ಅದರಲ್ಲಿ ಕೆಲಸ ತಡ ಮಾಡಿದ ನೌಕರನಿಗೆ ದಿನಕ್ಕೆ 20 ರೂಪಾಯಿ ದಂಡ, ಹೆಚ್ಚೆಂದರೆ 500. ಅರವತ್ತು ಸಾವಿರ ವರ್ಷದಿಂದ ಐನೂರು ರೂಪಾಯಿಗೆ ಇಳಿದದ್ದು ನೌಕರ ಸಂಘದ ಯಾವ ಹೋರಾಟಕ್ಕೂ ಸಿಗದ ಗೆಲುವು ಎಂದು ನಾವು ಕ್ಯಾಂಟೀನಿನಲ್ಲಿ ನಗುತ್ತಿದ್ದೆವು. ಹಾಗೆಂದು ಸಕಾಲವನ್ನು ಹಗುರ ಮಾಡಲಾರೆ. ಅರ್ಜಿಗೊಂದು ನಂಬರು ಕೊಟ್ಟು, ಇಂಥ ದಿನದೊಳಗೆ ಎಂದು ಬರೆದು ಕೊಡುವುದು ಸಣ್ಣ ಮಾತಲ್ಲ. ಅದಕ್ಕೂ ಮುಂಚೆ ನಾವು ಕೊಡುತ್ತಿದ್ದದ್ದು 'ನಾಳೆ ಬಾ' ಮಾತ್ರ.

ಈಗಿನವರ ಕಷ್ಟ ಬೇರೆ. ಅಂಗೈಯಗಲದ ಮೊಬೈಲಿನಲ್ಲಿ ಬೆಳೆ ಸಮೀಕ್ಷೆಗೆ ಒಂದು ಆ್ಯಪು, ಸರ್ವೆ ನಂಬರ್ ಹುಡುಕಲು ಒಂದು, ಪಹಣಿಗೆ ಆಧಾರ್ ಜೋಡಿಸಲು ಇನ್ನೊಂದು, ಹೀಗೆ ಹತ್ತಾರು. ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲೊಮ್ಮೆ, 2025ರ ಫೆಬ್ರುವರಿಯಲ್ಲೊಮ್ಮೆ ಮುಷ್ಕರಕ್ಕೆ ಕೂತಾಗ ಅವರ ಬೇಡಿಕೆಯಲ್ಲಿ ಮೇಜು ಕುರ್ಚಿಯೂ ಇತ್ತು. ಆ್ಯಪು ಮೊದಲು ಬಂದು ಕುರ್ಚಿ ಆಮೇಲೆ ಬರುವುದು ನಮ್ಮ ಇಲಾಖೆಯ ಕ್ರಮ. ಈ ಆಧಾರ್ ಜೋಡಣೆಯೇ ಕೊನೆಗೆ ನಮ್ಮ ಕಾಳೇಗೌಡರ ಗುಟ್ಟು ರಟ್ಟು ಮಾಡಿದ್ದು. ಹೆಸರೊಂದೇ ಆದರೂ ಬೆರಳು ಬೇರೆ. ಪಹಣಿಯಲ್ಲಿ ಕೂತಿದ್ದ ತಾತಂದಿರು ಒಬ್ಬೊಬ್ಬರಾಗಿ ಈಗ ಸಾಯುತ್ತಿದ್ದಾರೆ. ಮೊಮ್ಮಕ್ಕಳು ಮರಣ ಪ್ರಮಾಣಪತ್ರ ಹುಡುಕುತ್ತಿದ್ದಾರೆ.

ಕಳೆದ ವರ್ಷ ಅಂಥದೇ ಕೆಲಸಕ್ಕೆ, ನನ್ನ ಹೆಂಡತಿಯ ತವರಿನ ಜಮೀನಿನ ಸಲುವಾಗಿ ತಾಲ್ಲೂಕು ಕಚೇರಿಗೆ ಹೋಗಿದ್ದೆ. ರೆಕಾರ್ಡ್ ರೂಮಿನಲ್ಲಿ ಕೆಂಪು ಗಂಟುಗಳನ್ನೆಲ್ಲ ಬಿಚ್ಚಿ ಸ್ಕ್ಯಾನ್ ಮಾಡುತ್ತಿದ್ದರು. ಭೂ ಸುರಕ್ಷಾ ಎಂದು ಅದರ ಹೆಸರು. ಮಗಳ ವಯಸ್ಸಿನ ಕೇಸ್ ವರ್ಕರ್ ನನ್ನ ಗುರುತು ಹಿಡಿದು ಕುರ್ಚಿ ಕೊಟ್ಟು ಚಹಾ ತರಿಸಿದಳು. "ಸಾರ್, ನಿಮ್ಮ ಕೈಬರಹ ತೋರಿಸ್ತೀನಿ ಬನ್ನಿ, ಎಷ್ಟು ಚೆನ್ನಾಗಿದೆ" ಎಂದು ಪರದೆಯ ಮೇಲೆ ಹಳೆಯ ಪಹಣಿ ಪುಸ್ತಕದ ಹಾಳೆ ತೆರೆದಳು. 1987. ಕಾಗದ ಹಳದಿಯಾಗಿತ್ತು, ನೀಲಿ ಶಾಯಿ ಹಾಗೇ ಇತ್ತು. ನಾನು ಕನ್ನಡಕ ಸರಿಮಾಡಿಕೊಂಡೆ. ಅವಳು ಒಂದೊಂದೇ ಹಾಳೆ ಸರಿಸುತ್ತ ಬಂದು ಒಂದು ಕಡೆ ನಿಂತಳು.

"ಸಾರ್, ಇದೊಂದು ಓದಿ ಹೇಳಿ. ಆಪರೇಟರ್ ಹುಡುಗ ಒಂದು ಹೇಳ್ತಾನೆ, ನಂಗೊಂದು ಕಾಣುತ್ತೆ."

ಒಂಬತ್ತನೇ ಕಲಮು. ಮೊದಲ ಅಕ್ಷರದ ದೀರ್ಘ, ಬರೆವ ಭರದಲ್ಲಿ, ತಲೆಕಟ್ಟಿನೊಳಗೇ ಮುದುರಿಕೊಂಡಿತ್ತು. ಎರಡನೇ ಅಕ್ಷರದ ಕೆಳಗೆ ಆ ಬಳುಕು. ಜಮಾಬಂದಿಯಲ್ಲಿ ಎತ್ತಿ ತೋರಿಸಿದ ಬಳುಕು. ಅವಳು ಮೌಸ್ ತಿರುಗಿಸಿ ಅದನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ಪರದೆಯ ತುಂಬ ಅದೇ ಆಯಿತು.

"ಇದು ಒತ್ತಾ ಸಾರ್, ಬರೀ ಬಾಲವಾ?"

ಚಹಾ ಆರಿತ್ತು. "ಬಾಲ ಕಣಮ್ಮ" ಎಂದೆ.